ಬೀಸುಕಲ್ಲು, ಅಮ್ಮ ಮತ್ತು 50 ಹರ್ಟ್ಜ್

ನಮ್ಮ ಅಮ್ಮನ ಹಾಡಿನ ಮೊದಲ ರೆಕಾರ್ಡಿಂಗ್‌ನಲ್ಲಿ ಅಮ್ಮನಿಗಿಂತ ಕರೆಂಟೇ ಜೋರಾಗಿ ಹಾಡುತ್ತದೆ. ಹೆಡ್‌ಫೋನ್ ಹಾಕಿಕೊಂಡರೆ ಮೊದಲು ಕಿವಿಗೆ ಬೀಳೋದು ಗುಂಯ್ ಅನ್ನುವ ಒಂದೇ ಸಮನೆಯ ಸದ್ದು. ಅದರ ಹಿಂದೆ, ಎಲ್ಲೋ ಮೂರನೇ ಖೋಲಿಯಲ್ಲಿ ಕೂತ ಹಾಗೆ, ಅಮ್ಮ. (ಬೆಂಗಳೂರು, ಮೈಸೂರು ಕಡೆಯ ಗೆಳೆಯರಿಗೆ ಮೊದಲೇ ಹೇಳಿಬಿಡ್ತೀನಿ: ಬೈಲಹೊಂಗಲದ ನಮ್ಮ ಮನೆಯಲ್ಲಿ ಹೆತ್ತ ತಾಯಿ ಅವ್ವ, ಅಜ್ಜಿ ಅಮ್ಮ. ಹಾಸ್ಟೆಲ್‌ನಲ್ಲಿ ಇದನ್ನು ಎರಡು ವರ್ಷದಿಂದ ವಿವರಿಸ್ತಾನೇ ಇದ್ದೀನಿ.)

ಅಮ್ಮನಿಗೆ ಈಗ 78. ಸಂಗೊಳ್ಳಿಗೆ ಹತ್ತಿರದ ಒಂದು ಹಳ್ಳಿಯಿಂದ ಮದುವೆಯಾಗಿ ಬಂದವಳು. ಸಾಲಿ ನಾಲ್ಕನೆತ್ತಾ ಮಟ ಕಲಿತಿದ್ದಾಳೆ. ಹಾಡು ಎಷ್ಟು ಬರುತ್ತವೆ ಅಂತ ಅವಳಿಗೂ ಗೊತ್ತಿಲ್ಲ. ಬೀಸುವ ಪದ, ಕುಟ್ಟುವ ಪದ, ಸೋಬಾನ, ಜೋಗುಳ, ಆಮೇಲೆ ರಾಯಣ್ಣನ ಮೇಲಿನ ಒಂದು ಉದ್ದನೆಯ ಪದ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೆ ಹಾಕಿದ ಆ ಮನುಷ್ಯನನ್ನು ನಮ್ಮ ಕಡೆ ಜನ ಪುಸ್ತಕದಿಂದ ತಿಳಿದುಕೊಂಡಿದ್ದಕ್ಕಿಂತ ಹಾಡಿನಿಂದ ತಿಳಿದುಕೊಂಡಿದ್ದು ಜಾಸ್ತಿ. ಚೆನ್ನಮ್ಮನ ಸಮಾಧಿ ಇರೋದು ನಮ್ಮ ಊರಲ್ಲೇ. ಆದರೂ ನಾನು ಅವಳ ಬಗ್ಗೆ ಇಂಗ್ಲಿಷ್ ಮೀಡಿಯಂ ಟೆಕ್ಸ್ಟ್ ಬುಕ್‌ನಲ್ಲಿ ಓದಿದ್ದು ಒಂದೇ ಒಂದು ಪ್ಯಾರಾ. ಅಮ್ಮನ ಹತ್ತಿರ ಅದೇ ವಿಷಯಕ್ಕೆ ಅರ್ಧ ತಾಸಿನ ಹಾಡಿದೆ.

ಇಂಥ ಹಾಡುಗಳನ್ನು ಬರೆದಿಟ್ಟವರು ಇದ್ದಾರೆ. ಹಲಸಂಗಿಯ ಗೆಳೆಯರು ಊರೂರು ತಿರುಗಿ ಹೆಣ್ಣುಮಕ್ಕಳ ತ್ರಿಪದಿಗಳನ್ನು ಕೂಡಿಸಿ 1931ರಲ್ಲೇ 'ಗರತಿಯ ಹಾಡು' ತಂದರು. ಆ ಪುಸ್ತಕ ಇಲ್ಲದಿದ್ದರೆ ಎಷ್ಟೋ ಪದಗಳು ಹೋಗೇಬಿಡುತ್ತಿದ್ದವು. ಆದರೆ ಹಾಳೆಯ ಮೇಲೆ ಮೂರು ಸಾಲು ಅಷ್ಟೇ ಉಳಿಯುತ್ತದೆ. ಎರಡನೇ ಸಾಲನ್ನು ಅಮ್ಮ ಎಲ್ಲಿ ಒಡೆದು, ಎಲ್ಲಿ ಉಸಿರು ತಗೊಂಡು, ಮತ್ತೆ ಎಲ್ಲಿಂದ ಎತ್ತಿಕೊಳ್ಳುತ್ತಾಳೆ ಅನ್ನೋದು ಉಳಿಯೋದಿಲ್ಲ. ಹೋದ ಚಳಿಗಾಲ ಅವಳಿಗೆ ಕೆಮ್ಮು ಹಿಡಿದು ಎರಡು ತಿಂಗಳು ಬಿಡಲಿಲ್ಲ. ಅದು ವಾಸಿಯಾದ ಮೇಲೆ ಮೇಲಿನ ಸ್ವರ ಒಡೆಯೋಕೆ ಶುರುವಾಯ್ತು. ಅದಕ್ಕೇ ಸೆಮಿಸ್ಟರ್ ರಜೆಯಲ್ಲಿ ಒಂದು ಡೈನಾಮಿಕ್ ಮೈಕ್, ಮೈಕನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಒಂದು ಸಣ್ಣ ಡಬ್ಬಿ (ಆಡಿಯೋ ಇಂಟರ್‌ಫೇಸ್ ಅಂತಾರೆ) ತರಿಸಿ ಊರಿಗೆ ಹೋದೆ.

ಸುಮ್ಮನೆ ಪಡಸಾಲೆಯಲ್ಲಿ ಕೂರಿಸಿ ಹಾಡಿಸಿದರೆ ಮುಗಿಯಿತಲ್ಲ ಅನ್ನಬಹುದು. ಆಗೋದಿಲ್ಲ. ಅಮ್ಮನಿಗೆ ಬೀಸುವ ಪದ ನೆನಪಾಗೋದು ಬೀಸುವಾಗ ಮಾತ್ರ. ಪಡಸಾಲೆಯಲ್ಲಿ ಕುರ್ಚಿ ಮೇಲೆ ಕೂರಿಸಿದರೆ ನಾಲ್ಕನೇ ನುಡಿಗೆ ನಿಂತುಬಿಡುತ್ತಾಳೆ.

"ಕಲ್ಲ ತಿರಗಲಾರದ ಹಾಡ ಎಲ್ಲಿಂದ ಬರಬೇಕವಾ? ಕೈಗೆ ನೆನಪಿರತೈತಿ, ಬಾಯಿಗಿ ಇರೂದಿಲ್ಲ."

ಬೀಸುಕಲ್ಲು ಇರೋದು ಅಡಿಗೆ ಮನೆಯ ಪಕ್ಕದ ಮೂಲೆಯಲ್ಲಿ, ನೆಲಕ್ಕೆ ಗಟ್ಟಿಯಾಗಿ ಕೂರಿಸಿದ್ದು, ಎತ್ತಿಕೊಂಡು ಬರೋ ಹಾಗಿಲ್ಲ. ಆ ಮೂಲೆಗೆ ಒಂದು ಗೋಡೆಯ ಮೇಲೆ ಮೀಟರ್ ಬೋರ್ಡು, ಇನ್ನೊಂದು ಕಡೆ ಫ್ರಿಜ್ಜು, ಮೇಲೆ ಇನ್ವರ್ಟರ್. ಇಡೀ ಮನೆಯಲ್ಲಿ ಕರೆಂಟಿನ ಗದ್ದಲ ಅತೀ ಹೆಚ್ಚು ಇರೋ ಜಾಗ ಹುಡುಕು ಅಂತ ಲ್ಯಾಬ್‌ನಲ್ಲಿ ಅಸೈನ್‌ಮೆಂಟ್ ಕೊಟ್ಟಿದ್ದರೆ ಇದೇ ಉತ್ತರ ಬರ್ತಿತ್ತು. ಲ್ಯಾಪ್‌ಟಾಪಿನ ಫ್ಯಾನ್ ಸದ್ದು ಮೈಕ್‌ಗೆ ಬರಬಾರದು ಅಂತ ನಾನು ಕೂರೋದು ನಡುಮನೆಯಲ್ಲಿ. ನಡುವೆ ಆರು ಮೀಟರ್ ಕೇಬಲ್, ಫ್ರಿಜ್ಜಿನ ಹಿಂದಿನಿಂದ, ಬೋರ್ಡಿನ ಕೆಳಗಿನಿಂದ.

ಗುಂಯ್ ಸದ್ದು ಬಂದಿದ್ದು ಇಲ್ಲಿಂದ.

ನನ್ನ ರೂಮ್‌ಮೇಟ್‌ಗೆ ಆ ಫೈಲ್ ಕಳಿಸಿದಾಗ ಅವಳ ಉತ್ತರ ಒಂದೇ ಸಾಲು: "ಸಾಫ್ಟ್‌ವೇರ್‌ನಲ್ಲಿ ನಾಯ್ಸ್ ರಿಮೂವ್ ಮಾಡೇ, ಎರಡು ನಿಮಿಷದ ಕೆಲಸ." ಮಾಡಿ ನೋಡಿದೆ. ಹಾಡಿಲ್ಲದ ಎರಡು ಸೆಕೆಂಡ್ ಆರಿಸಿಕೊಟ್ಟರೆ ಸಾಫ್ಟ್‌ವೇರ್ ಅದನ್ನೇ ಗದ್ದಲದ ಮಾದರಿ ಅಂತ ಇಟ್ಟುಕೊಂಡು, ಫೈಲಿನ ಉದ್ದಕ್ಕೂ ಅಂಥದ್ದನ್ನೆಲ್ಲ ಕಳೆಯುತ್ತಾ ಹೋಗುತ್ತದೆ. ಅಮ್ಮ ಹಾಡು ಎತ್ತುವ ಮೊದಲೇ ಕಲ್ಲು ತಿರುಗಿಸೋಕೆ ಶುರು ಮಾಡಿರುತ್ತಾಳೆ. ಹಾಗಾಗಿ ಆ ಎರಡು ಸೆಕೆಂಡಿನಲ್ಲಿ ಗುಂಯ್ ಜೊತೆಗೆ ಕಲ್ಲಿನ ಗರಗರವೂ ಇತ್ತು. ಎರಡೂ ಹೋದವು. ಕಲ್ಲು ಹೋದ ಮೇಲೆ ಅಮ್ಮ ಯಾಕೆ ಅಲ್ಲಲ್ಲಿ ನಿಲ್ಲುತ್ತಾಳೆ, ಯಾಕೆ ಒಂದು ಅಕ್ಷರ ಎಳೆಯುತ್ತಾಳೆ ಅನ್ನೋದೇ ತಿಳಿಯೋದಿಲ್ಲ. ಕಾಳು ಹಾಕೋಕೆ ಕೈ ಬಿಡುವ ಜಾಗದಲ್ಲಿ ಹಾಡಿನಲ್ಲಿ ಒಂದು ತಡೆ ಇರುತ್ತದೆ. ಕಲ್ಲಿನ ಸದ್ದು ಇಲ್ಲದೆ ಕೇಳಿದರೆ ಅದು ಮರೆತು ತಡವರಿಸಿದ ಹಾಗೆ ಕೇಳುತ್ತದೆ. ದನಿಯಂತೂ ಬಾವಿಯೊಳಗಿಂದ ಬಂದ ಹಾಗಿತ್ತು.

ಕಲ್ಲು ನಿಲ್ಲಿಸಿ ಬರೀ ಗುಂಯ್ ಸದ್ದಿನ ಮಾದರಿ ಕೊಟ್ಟರೂ ಕಷ್ಟ ಪೂರ್ತಿ ತಪ್ಪೋದಿಲ್ಲ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತದೆ. ಆದರೆ ಸದ್ದು 50ಕ್ಕೆ ನಿಲ್ಲೋದಿಲ್ಲ. 100, 150, 200, 250 ಅಂತ ಅದರ ಮಕ್ಕಳು ಮೊಮ್ಮಕ್ಕಳು ಮೇಲಕ್ಕೆ ಹೋಗುತ್ತಲೇ ಇರುತ್ತವೆ. ಅಮ್ಮನ ದನಿ ಸುಮಾರು 200ರ ಆಸುಪಾಸಿನಲ್ಲಿ ಶುರುವಾಗುತ್ತದೆ. ಅಂದರೆ ಗದ್ದಲ ಮತ್ತು ಅಮ್ಮ ಒಂದೇ ಮನೆಯಲ್ಲಿ ಇದ್ದಾರೆ. ಗದ್ದಲವನ್ನು ಹೊರಗೆ ಹಾಕಿದರೆ ಅಮ್ಮನ ಸೆರಗೂ ಸಿಕ್ಕಿಕೊಂಡು ಬರುತ್ತದೆ. ರೆಕಾರ್ಡ್ ಆದ ಮೇಲೆ ತೆಗೆಯೋದಕ್ಕಿಂತ ಒಳಗೆ ಬರದ ಹಾಗೆ ಮಾಡಬೇಕು. ಉಳಿದ ರಜೆ ಪೂರ್ತಿ ಇದಕ್ಕೇ ಹೋಯಿತು.

ಯಾಕೆ ಇಷ್ಟು ಸುಲಭವಾಗಿ ಒಳಗೆ ಬರುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿದೆ. ಡೈನಾಮಿಕ್ ಮೈಕ್‌ನ ಬಾಯಿಗೆ ಹತ್ತಿರ ನಿಂತು ಜೋರಾಗಿ ಹಾಡಿದರೆ ಅದು ಕೊಡುವ ವೋಲ್ಟೇಜ್ ಸುಮಾರು ಎರಡು ಮಿಲಿವೋಲ್ಟ್. ಅಮ್ಮ ಒಂದು ಗೇಣು ದೂರದಲ್ಲಿ, ಮೆಲ್ಲಗೆ ಹಾಡುವವಳು. ಅವಳದ್ದು ಅದರ ಹತ್ತನೇ ಒಂದು ಭಾಗ ಇದ್ದರೆ ಹೆಚ್ಚು, ಅಂದರೆ 0.2 ಮಿಲಿವೋಲ್ಟ್. ಪಕ್ಕದ ಗೋಡೆಯಲ್ಲಿ ಓಡುತ್ತಿರುವುದು 230 ವೋಲ್ಟ್. ಭಾಗಿಸಿದರೆ ಹತ್ತು ಲಕ್ಷ ಪಟ್ಟಿಗಿಂತ ಹೆಚ್ಚು. ಜಾತ್ರೆಯಲ್ಲಿ ಒಬ್ಬಳು ಕಿವಿಯಲ್ಲಿ ಗುಟ್ಟು ಹೇಳಿದ್ದನ್ನು ಕೇಳಿಸಿಕೊಂಡ ಹಾಗೆ. ಅದೂ ಅಲ್ಲದೆ ಡಬ್ಬಿಯೊಳಗಿನ ಪ್ರಿಆಂಪ್ ಇದನ್ನು ಸಾವಿರ ಪಟ್ಟು ದೊಡ್ಡದು ಮಾಡುತ್ತದೆ. ಕೇಬಲ್ ಮೇಲೆ ಹತ್ತಿಕೊಂಡ ಗದ್ದಲವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ.

ಮೈಕ್ ಜೊತೆ ಬಾಕ್ಸ್‌ನಲ್ಲೇ ಬಂದಿದ್ದ ಕೇಬಲ್‌ನ ಒಂದು ತುದಿಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್, ಇನ್ನೊಂದು ತುದಿಗೆ ಪಿ-38 ಜ್ಯಾಕ್. ಗಣಪತಿ ಪೆಂಡಾಲ್‌ನಲ್ಲಿ ಆಂಪ್ಲಿಫೈಯರ್‌ಗೆ ಚುಚ್ಚುತ್ತಾರಲ್ಲ, ಆ ದಪ್ಪನೆಯ ಕಡ್ಡಿ. ನಮ್ಮಲ್ಲಿ ಕಡಿಮೆ ಬೆಲೆಯ ಮೈಕ್‌ಗಳ ಜೊತೆ ಬಹಳ ಸಲ ಇದೇ ಬರುತ್ತದೆ, ಯಾಕೆಂದರೆ ಆಂಪ್ಲಿಫೈಯರ್‌ಗಳಲ್ಲಿ ಇರೋದು ಅದರ ತೂತೇ. ಬಿಚ್ಚಿ ನೋಡಿದರೆ ಒಳಗೆ ಒಂದೇ ಒಂದು ವೈರು, ಸುತ್ತಲೂ ಕೂದಲಿನಂಥ ನಾಲ್ಕೈದು ತಾಮ್ರದ ಎಳೆ, ಎಳೆಗಳ ನಡುವೆ ಕಿಟಕಿ ತೆಗೆದಿಟ್ಟ ಹಾಗೆ ಖಾಲಿ ಜಾಗ. ಎಕ್ಸ್‌ಎಲ್‌ಆರ್ ಕಡೆ ಪಿನ್ 1ನ್ನೂ ಪಿನ್ 3ನ್ನೂ ಒಂದೇ ಬೆಸುಗೆಯಲ್ಲಿ ಕೂಡಿಸಿಬಿಟ್ಟಿದ್ದರು.

ಇಸಿ ಬ್ರ್ಯಾಂಚ್‌ನವರಿಗೆ ಇಷ್ಟರಲ್ಲೇ ಗೊತ್ತಾಗಿರುತ್ತದೆ. ಸಿವಿಲ್, ಮೆಕ್ಯಾನಿಕಲ್‌ನವರು ಇದೊಂದು ಪ್ಯಾರಾ ತಡಕೊಳ್ಳಿ. ಮೈಕ್‌ನಿಂದ ಹಾಡು ಹೊರಡೋದು ಎರಡು ವೈರಿನ ಮೇಲೆ, ಪಿನ್ 2 ಮತ್ತು ಪಿನ್ 3. ಪಿನ್ 1 ಬರೀ ಮೇಲುಹೊದಿಕೆಗೆ, ಅಂದರೆ ಶೀಲ್ಡ್‌ಗೆ. ಆಂಪ್ಲಿಫೈಯರ್ ಆ ಎರಡು ವೈರುಗಳ ನಡುವಿನ ವ್ಯತ್ಯಾಸವನ್ನು ಮಾತ್ರ ನೋಡುತ್ತದೆ. ನಮ್ಮೂರ ಅರಳೆ ಅಡತಿ ಅಂಗಡಿಗಳಲ್ಲಿ ಹಿಂದೆ ಇದ್ದ ದೊಡ್ಡ ತಕ್ಕಡಿ ನೆನಸಿಕೊಳ್ಳಿ. ರಸ್ತೆಯ ಧೂಳು ಎರಡೂ ತಟ್ಟೆಯ ಮೇಲೆ ಸಮ ಬೀಳುತ್ತದೆ, ಮುಳ್ಳು ಅಲುಗೋದಿಲ್ಲ. ಅರಳೆ ಒಂದು ತಟ್ಟೆಯಲ್ಲಿದೆ, ಮುಳ್ಳು ತಿರುಗುತ್ತದೆ. ಫ್ರಿಜ್ಜು, ಬೋರ್ಡು, ಇನ್ವರ್ಟರ್ ಎಲ್ಲ ಧೂಳು. ಎರಡು ವೈರುಗಳ ಮೇಲೂ ಒಂದೇ ಅಳತೆಯಲ್ಲಿ ಬಿದ್ದರೆ ಕಳೆದುಹೋಗುತ್ತದೆ. ಪಿನ್ 3ನ್ನು ಶೀಲ್ಡಿಗೆ ಬೆಸೆದುಬಿಟ್ಟರೆ ಉಳಿಯೋದು ಒಂದೇ ತಟ್ಟೆ. ಅದರ ಮೇಲೆ ಬಿದ್ದದ್ದೆಲ್ಲ ಅರಳೆ ಅಂತಲೇ ತೂಗುತ್ತದೆ.

ನಮಗೆ ಎಕ್ಸಾಮ್‌ನಲ್ಲಿ ಸಿಎಂಆರ್‌ಆರ್ ಡಿಫೈನ್ ಮಾಡು ಅಂತ ಕೇಳ್ತಾರೆ. ಅದು ಇದೇ. 60 ಡೆಸಿಬಲ್ ಅಂದರೆ ಎರಡೂ ವೈರಿಗೆ ಸಮನಾಗಿ ಬಂದ ಗದ್ದಲಕ್ಕೆ ಹಾಡಿಗಿಂತ ಸಾವಿರ ಪಟ್ಟು ಕಡಿಮೆ ಮರ್ಯಾದೆ, 80 ಅಂದರೆ ಹತ್ತು ಸಾವಿರ ಪಟ್ಟು. ನಾನು ಈ ಡೆಫಿನಿಷನ್ ಬಾಯಿಪಾಠ ಮಾಡಿ ಬರೆದು ಫುಲ್ ಮಾರ್ಕ್ಸ್ ತಗೊಂಡಿದ್ದೆ. ಅದು ಅಡಿಗೆ ಮನೆ ಮೂಲೆಯಲ್ಲಿ ಇರುವ ವಸ್ತು ಅಂತ ಯಾರೂ ಹೇಳಿರಲಿಲ್ಲ.

ಬೆಳಗಾವಿಯ ಸೌಂಡ್ ಸಿಸ್ಟಂ ಅಂಗಡಿಯಿಂದ ಹನ್ನೆರಡು ಮೀಟರ್ ಟೂ ಕೋರ್ ಶೀಲ್ಡ್ ವೈರು, ಗಂಡು ಹೆಣ್ಣು ಎಕ್ಸ್‌ಎಲ್‌ಆರ್ ಒಂದೊಂದು ತಂದೆ. ಅಂಗಡಿಯಲ್ಲಿ ಬಂಗಾರದ ಲೇಪ ಇರುವ ಕನೆಕ್ಟರ್ ತೋರಿಸಿದರು. ಬಂಗಾರಕ್ಕೆ ತುಕ್ಕು ಹಿಡಿಯೋದಿಲ್ಲ, ಅದು ನಿಜ. ಗುಂಯ್ ಸದ್ದಿಗೂ ಅದಕ್ಕೂ ಸಂಬಂಧ ಇಲ್ಲ. ನಾನು ನೋಡಿದ್ದು ಎರಡೇ: ಶೀಲ್ಡ್ ಒತ್ತಾಗಿ ಹೆಣೆದಿದೆಯಾ, ಒಳಗಿನ ಎರಡು ವೈರು ಒಂದಕ್ಕೊಂದು ಹೊಸೆದಿವೆಯಾ. ತಾಮ್ರದ ಹೆಣಿಗೆ ವಿದ್ಯುತ್ ಕ್ಷೇತ್ರವನ್ನು ತಡೆಯುತ್ತದೆ, ಆದರೆ ಫ್ರಿಜ್ಜಿನ ಮೋಟರ್‌ನಂಥವುಗಳ 50 ಹರ್ಟ್ಜ್ ಅಯಸ್ಕಾಂತ ಕ್ಷೇತ್ರ ಅದರ ಮೂಲಕ ಹಾದುಬರುತ್ತದೆ. ಅದಕ್ಕೆ ಮದ್ದು ಹೊಸೆಯೋದು. ಹೊಸೆದಾಗ ಒಮ್ಮೆ ಈ ವೈರು ಮೇಲೆ, ಒಮ್ಮೆ ಆ ವೈರು ಮೇಲೆ ಬಂದು ಇಬ್ಬರಿಗೂ ಸಮಪಾಲು ಆಗುತ್ತದೆ. ಗ್ರಹಾಂ ಬೆಲ್ 1881ರಲ್ಲೇ ಟೆಲಿಫೋನ್ ತಂತಿಗೆ ಇದರ ಪೇಟೆಂಟ್ ತಗೊಂಡಿದ್ದ. ನಮ್ಮ ಕಂಪ್ಯೂಟರ್ ಲ್ಯಾಬ್‌ನ ಲ್ಯಾನ್ ಕೇಬಲ್ ಒಳಗೆ ಇವತ್ತೂ ಅದೇ ಹೊಸೆತ.

ಪಡಸಾಲೆಯಲ್ಲಿ ಕೂತು ಬೆಸುಗೆ ಹಾಕುವಾಗ ಅಮ್ಮ ಬಂದು ಪಕ್ಕದಲ್ಲಿ ಕೂತಳು. ಹೊಸೆದ ವೈರು ಕೈಯಲ್ಲಿ ಹಿಡಿದು ನೋಡಿ, "ಬತ್ತಿ ಹೊಸದಂಗ ಹೊಸದಾರಲ್ಲ" ಅಂದಳು. ಅದಕ್ಕಿಂತ ಒಳ್ಳೆ ವಿವರಣೆ ನನ್ನ ಹತ್ತಿರ ಇರಲಿಲ್ಲ.

ಎರಡೂ ತುದಿಗೆ ಒಂದಕ್ಕೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಮೂರು. ಮಲ್ಟಿಮೀಟರ್‌ನಲ್ಲಿ ಬೀಪ್ ನೋಡಿ ಹಚ್ಚಿದೆ. ಡಬ್ಬಿಯ ತೂತು ಎರಡು ನಮೂನೆ ಕೆಲಸ ಮಾಡುವಂಥದ್ದು. ಪಿ-38 ಚುಚ್ಚಿದರೆ ಅದು ಗಿಟಾರ್ ಬಂದಿದೆ ಅಂದುಕೊಳ್ಳುತ್ತದೆ, ಎಕ್ಸ್‌ಎಲ್‌ಆರ್ ಚುಚ್ಚಿದರೆ ಮಾತ್ರ ಮೈಕ್‌ನ ಪ್ರಿಆಂಪ್‌ಗೆ ಹೋಗುತ್ತದೆ. ಹಾಗಾಗಿ ಒಂದೇ ಏಟಿಗೆ ಎರಡು ಲಾಭ. ಮೀಟರ್‌ನ ಹಸಿರು ಪಟ್ಟಿ ಅರ್ಧಕ್ಕೂ ಕೆಳಗೆ ಬಿತ್ತು. ಅಮ್ಮ ಮೂರನೇ ಖೋಲಿಯಿಂದ ಎದ್ದು ಇದೇ ಖೋಲಿಗೆ ಬಂದಳು.

ಪೂರ್ತಿ ಹೋಗಲಿಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದಾಗ ಸಣ್ಣಗೆ ಚಿರ್ ಅನ್ನುತ್ತಿತ್ತು, ತೆಗೆದರೆ ನಿಲ್ಲುತ್ತಿತ್ತು, ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಕಡಿಮೆಯಾಗುತ್ತಿತ್ತು. ಮುಟ್ಟಿದಾಗ ಬೆರಳಿಗೆ ಜುಮ್ ಅನ್ನೋದು ನಿಮಗೂ ಗೊತ್ತಿರಬಹುದು. ಅರ್ತಿಂಗ್ ಸರಿ ಇಲ್ಲದ ಮನೆಯ ಲಕ್ಷಣ ಇದು. ಓಣಿಯ ವೈರ್‌ಮನ್ ಕಾಕಾನನ್ನು ಕರೆದೆ. ಅವರು ಒಂದು ಬಲ್ಬ್ ಹೋಲ್ಡರ್‌ನ ಒಂದು ವೈರು ಫೇಸಿಗೆ, ಇನ್ನೊಂದು ಅರ್ತಿಗೆ ಹಿಡಿದರು. (ಇದನ್ನು ನೀವು ಮಾಡೋಕೆ ಹೋಗಬೇಡಿ.) ಬಲ್ಬ್ ಕೆಂಡದ ಹಾಗೆ ಮಂಕಾಗಿ ಹತ್ತಿತು.

"ನೋಡವಾ, ನಿಮ್ಮ ಮನಿ ಅರ್ತ್ ನಿದ್ದಿ ಮಾಡಾಕತ್ತೈತಿ."

ನಮ್ಮದು ಎರೆ ನೆಲ. ಮಳೆಗಾಲದಲ್ಲಿ ಅಂಟಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಬಿರುಕು ಬಿಟ್ಟ ಮಣ್ಣು ಅರ್ತಿನ ಪೈಪಿಗೆ ತಾಗೋದೇ ಇಲ್ಲ. ಕಾಕಾ ಹಿತ್ತಲದ ಅರ್ತಿನ ಗುಂಡಿ ಕೆದರಿ, ತುಕ್ಕು ಹಿಡಿದ ನಟ್ಟು ಬಿಚ್ಚಿ ಹೊಸದು ಹಾಕಿ, ಇದ್ದಿಲು ಉಪ್ಪು ತುಂಬಿ, ಎಂಟು ಕೊಡ ನೀರು ಹಾಕಿಸಿದರು. ಮರುದಿನ ಅದೇ ಬಲ್ಬ್ ಬೆಳ್ಳಗೆ ಹತ್ತಿತು, ಜುಮ್ ಅನ್ನೋದು ನಿಂತಿತು. ಗುಂಯ್ ಸದ್ದಿಗೆ ಅರ್ತಿನ ಪಿನ್ನೇ ಕತ್ತರಿಸಿ ಹಾಕು ಅಂತ ಹೇಳುವವರು ಬಹಳ ಜನ ಇದ್ದಾರೆ. ಕೆಲವು ಸಲ ಸದ್ದು ಹೋಗುತ್ತದೆ ಕೂಡ. ಆದರೆ ಯಾವುದೋ ಒಂದು ದಿನ ಮೈಕ್‌ನ ಲೋಹದ ಮೈಯಲ್ಲಿ ಫೇಸ್ ಬಂದು ನಿಲ್ಲುತ್ತದೆ, ಆ ಮೈಕ್ ಹಿಡಿದಿರೋದು 78 ವರ್ಷದ ಕೈ. ಅಷ್ಟಾದ ಮೇಲೂ ನಾನು ರೆಕಾರ್ಡ್ ಮಾಡೋದು ಲ್ಯಾಪ್‌ಟಾಪ್ ಬ್ಯಾಟರಿ ಮೇಲೇ. ಒಂದೂವರೆ ತಾಸು ಬರುತ್ತದೆ, ಅಮ್ಮನಿಗೂ ಅಷ್ಟೇ ಸಾಕು.

ಉಳಿದದ್ದು ಚಿಲ್ಲರೆ ಕೆಲಸ. ಕೇಬಲ್ಲನ್ನು ಫ್ರಿಜ್ಜಿನ ಹಿಂದಿನಿಂದ ತೆಗೆದು ಬಾಗಿಲ ಕಡೆಯಿಂದ ಒಯ್ದೆ. ಕರೆಂಟಿನ ವೈರನ್ನು ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿದೆ, ಪಕ್ಕಪಕ್ಕ ಮಲಗಿಸಲಿಲ್ಲ. ರೆಕಾರ್ಡಿಂಗ್ ಹೊತ್ತಿಗೆ ಫ್ರಿಜ್ ಆಫ್. ಅವ್ವ ಒಮ್ಮೆ "ಹಾಲ ಒಡದರ ನಿನ್ನ ಹಾಡ ಕುಡಿಯೂಣೇನ?" ಅಂದಳು. ಸಿನಿಮಾ ಸೌಂಡ್‌ನವರು ಕಾರಿನ ಕೀಲಿಯನ್ನು ಫ್ರಿಜ್ಜಿನೊಳಗೆ ಇಡುತ್ತಾರಂತೆ, ಹೋಗುವಾಗ ಆನ್ ಮಾಡೋದು ಮರೆಯಬಾರದು ಅಂತ. ನಾನು ನನ್ನ ಮೊಬೈಲನ್ನೇ ಇಡುತ್ತೇನೆ. ಕರೆಂಟ್ ಹೋಗಿ ಇನ್ವರ್ಟರ್ ಶುರುವಾದರೆ ಆವತ್ತಿಗೆ ಕೆಲಸ ಬಂದ್. ನಮ್ಮದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್, ಅದರ ಗದ್ದಲದಲ್ಲಿ ಚೂಪು ಜಾಸ್ತಿ, ಜೇನುಹುಳ ಕಿವಿಯೊಳಗೆ ಹೋದ ಹಾಗೆ.

ಇನ್ನೊಂದು ಇತ್ತು. ರಾಯಣ್ಣನ ಪದ ಹಾಡುವಾಗ, ನಂದಗಡದ ನುಡಿಗೆ ಬಂದು ಅಮ್ಮನ ದನಿ ತಗ್ಗಿದಾಗ, ಟಿಟ್ ಟಿಟಿಟ್ ಟಿಟಿಟ್ ಅಂತ ಒಂದು ಸದ್ದು. ಎರಡು ದಿನ ಬೇರೆ ಬೇರೆ ಜಾಗದಲ್ಲಿ ಬಂತು. ಕೇಬಲ್ಲು, ಬೆಸುಗೆ ಎಲ್ಲ ಮತ್ತೆ ನೋಡಿದೆ. ಮೂರನೇ ದಿನ ಸಿಕ್ಕಿತು: ಅಮ್ಮನ ಎಲಿ ಅಡಿಕೆ ಚೀಲದೊಳಗೆ ಅವಳ ಕೀಪ್ಯಾಡ್ ಫೋನು. 2ಜಿ ಫೋನು ಟವರಿಗೆ ಮಾತಾಡುವಾಗ ಸೆಕೆಂಡಿಗೆ 217 ಸಲ ಬಿಟ್ಟು ಬಿಟ್ಟು ಕೂಗುತ್ತದೆ. ಪಕ್ಕದಲ್ಲಿ ಮೈಕ್ ಕೇಬಲ್ ಇದ್ದರೆ ಆ ಕೂಗು ಅದರೊಳಗೆ ಇಳಿಯುತ್ತದೆ. ಚೀಲ ದೂರ ಇಡು ಅಂದರೆ ಅಮ್ಮ ಒಪ್ಪಲಿಲ್ಲ. ಕಡೆಗೆ ಎಲಿ ಅಡಿಕೆ ಅವಳ ಹತ್ತಿರ, ಫೋನು ನನ್ನ ಫೋನಿನ ಜೊತೆ ಫ್ರಿಜ್ಜಿನಲ್ಲಿ.

ಕೇಬಲ್ ಮುಟ್ಟಿದಾಗ ಆಗುವ ಗಡಗಡ ಬೇರೆ ಜಾತಿಯದು. ಅದು ಕರೆಂಟಿನದಲ್ಲ. ವೈರು ನೆಲಕ್ಕೆ ಉಜ್ಜಿದ ಅಲುಗಾಟ ಸ್ಟ್ಯಾಂಡಿನ ಮೂಲಕ ಮೈಕ್‌ಗೆ ಹತ್ತುತ್ತದೆ. ಅಗ್ಗದ ವೈರಿನಲ್ಲಿ ಒಳಗಿನ ರಬ್ಬರ್ ಮತ್ತು ತಾಮ್ರ ತಿಕ್ಕಿಕೊಂಡೇ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅಮ್ಮ ಬೀಸುವಾಗ ಇಡೀ ಮೈ ತೂಗುತ್ತದೆ, ಅವಳ ಜೊತೆ ನೆಲವೂ. ಸ್ಟ್ಯಾಂಡಿನ ಕೆಳಗೆ ನಾಲ್ಕು ಮಡಿಕೆ ಕೌದಿ ಹಾಸಿದೆ, ಕೇಬಲ್ಲನ್ನು ಮೈಕ್ ಹತ್ತಿರ ಒಂದು ಸುತ್ತು ಸಡಿಲ ಬಿಟ್ಟು ಹಳೆ ಸೀರೆಯ ಅಂಚಿನಿಂದ ಸ್ಟ್ಯಾಂಡಿಗೆ ಕಟ್ಟಿದೆ. ಕೌದಿಯೂ ಅಮ್ಮ ಹೊಲಿದದ್ದೇ.

ಹೀಗೆ ಒಂದೊಂದೇ ತೆಗೆಯುತ್ತಾ ಬಂದ ಮೇಲೆ ಉಳಿದದ್ದು ಕಲ್ಲು, ಬಳೆ, ಕಾಳು ಬೀಳುವ ಸದ್ದು, ಹಿತ್ತಲದ ಬೇವಿನಮರದಲ್ಲಿ ಕಾಗೆ. ಕಾಗೆಯನ್ನು ಏನು ಮಾಡಬೇಕು ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಬೆಳಿಗ್ಗೆ ಐದೂವರೆಗೆ ಶುರು ಮಾಡಿದರೆ ಅದು ಇರೋದಿಲ್ಲ, ಅಮ್ಮನ ದನಿಯೂ ಆಗ ಚೆಂದ ಇರುತ್ತದೆ. ಬೀಸುವುದೂ ಆ ಹೊತ್ತಿನ ಕೆಲಸವೇ ಅಲ್ಲವಾ.

ಹೆಡ್‌ಫೋನ್ ಹಾಕಿ ಅವಳಿಗೆ ಕೇಳಿಸಿದೆ. ಸೆರಗಿನ ಮೇಲಿನಿಂದಲೇ ಹಾಕಿಸಿಕೊಂಡಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ತನಗೆ ಕೇಳುತ್ತಿರುವಷ್ಟೇ ಜೋರಾಗಿ ನಮಗೂ ಕೇಳಬೇಕು ಅನ್ನುವ ಹಾಗೆ ಕೂಗಿದಳು: "ಇದು ನಮ್ಮವ್ವ ಹಾಡಿದಂಗ ಕೇಳಾಕತ್ತೈತಿ!" ಆಮೇಲೆ ಎರಡು ನುಡಿ ಬಿಟ್ಟುಹೋಗಿವೆ, ಮತ್ತೆ ಹಾಡಬೇಕು ಅಂದಳು. ಯಾವ ನುಡಿ ಅಂತ ಕೇಳಿದರೆ ಕಲ್ಲಿನ ಹತ್ತಿರ ನಡೆದಳು.

ರಜೆ ಮುಗಿಯುವ ಹೊತ್ತಿಗೆ ಹತ್ತೊಂಬತ್ತು ಪದ ಆಗಿದ್ದವು. ರಾಯಣ್ಣನ ಪದ ಅರ್ಧಕ್ಕೆ ನಿಂತಿದೆ, ಒಂದೇ ಉಸಿರಿಗೆ ಅಷ್ಟು ಹೊತ್ತು ಕೂರೋಕೆ ಅವಳಿಗೆ ಆಗೋದಿಲ್ಲ. ದೀಪಾವಳಿಗೆ ಹೋದಾಗ ಎರಡು ಮೈಕ್ ಇಡಬೇಕು ಅಂತಿದೆ, ಒಂದು ಅಮ್ಮನಿಗೆ, ಒಂದು ಕಲ್ಲಿಗೆ. ಎರಡನೇ ಮೈಕನ್ನು ಸೀನಿಯರ್ ಅಕ್ಕ ಒಬ್ಬರು ಕೊಡ್ತೀನಿ ಅಂದಿದ್ದಾರೆ. ಟೂ ಕೋರ್ ವೈರು ಇನ್ನೂ ಆರು ಮೀಟರ್ ಉಳಿದಿದೆ, ಕನೆಕ್ಟರ್ ಒಂದು ಜೊತೆ ತರಬೇಕು.